ತಾರಾನಾಥನ ಕಾರಿಗೆ ದರ್ಶನ ಬಂದದ್ದು

ತಾರಾನಾಥನ ಕಾರಿನಲ್ಲಿ ಮೊದಲು ಯಾವ ದೋಷವೂ ಇರಲಿಲ್ಲ. ದೋಷ ಇದ್ದದ್ದು ಅವನ ಬಾಯಿಯಲ್ಲಿ. ಮಗಳ ಸಂಬಂಧದ ಮಾತಿಗೆಂದು ಮುಂಬಯಿ ಬದಿಯ ಠಾಣೆ ನಗರದ ನೌಪಾಡಾಕ್ಕೆ, ಜಯಶೀಲರ ಮನೆಗೆ ಹೋದವನು ಕಾಫಿ ಕುಡಿದು, ಊರಿನವರ ಯೋಗಕ್ಷೇಮ ವಿಚಾರಿಸಿ ಸುಮ್ಮನೆ ಎದ್ದು ಬಂದಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. ಆದರೆ ಜಯಶೀಲರು ಬಿಸ್ಕತ್ತಿನ ತಟ್ಟೆ ಮುಂದೆ ಸರಿಸುತ್ತ, ನೆರೂಳದಿಂದ ಟ್ರೈನಿನಲ್ಲಿ ಬಂದಿರಾ ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಅವಮಾನ ಎಲ್ಲಿತ್ತೋ ದೇವರಿಗೇ ಗೊತ್ತು. ತಾರಾನಾಥನಿಗೆ ಮಾತ್ರ ಅದು ಸ್ಪಷ್ಟವಾಗಿ ಕಂಡಿತು.

"ಇಲ್ಲ ಇಲ್ಲ, ಕಾರಲ್ಲಿ ಬಂದದ್ದು," ಎಂದ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ನಮ್ಮದು ಪರ್ಫಾರ್ಮೆನ್ಸ್ ಕಾರು."

ಮಾತು ಪೂರ್ತಿ ಸುಳ್ಳೇನಲ್ಲ. ಡೊಂಬಿವಲಿ ಎಂಐಡಿಸಿಯ, ಅಂದರೆ ಕೈಗಾರಿಕಾ ವಸಾಹತಿನ, ಒಂದು ಕಾರ್ಖಾನೆಯಲ್ಲಿ ತಾರಾನಾಥನ ಕ್ಯಾಂಟೀನಿತ್ತು. ಆ ಕಾರ್ಖಾನೆಯ ಮ್ಯಾನೇಜರರ ಮಗನೊಬ್ಬ ಗಾಳಿಯ ಹಾಗೆ ಓಡಿಸುತ್ತಿದ್ದ ಕೆಂಪು ಬಣ್ಣದ ಪುಟ್ಟ ಕಾರು ಅದು. ಬಾನೆಟ್ಟಿನ ಮೇಲೆ ಎರಡು ಬಿಳಿ ಪಟ್ಟೆ, ಹಿಂದೆ ಗುಡುಗುವ ಸೈಲೆನ್ಸರು, ಒಳಗೆ ಅಳತೆ ಮೀರಿದ ಇಂಜಿನ್ನು. ಹುಡುಗನಿಗೆ ಮದುವೆಯಾಯಿತು, ಹೆಂಡತಿ ಒಂದೇ ಸಲ ಕೂತು ಇನ್ನು ಕೂರುವುದಿಲ್ಲ ಎಂದಳು, ಕಾರು ತಾರಾನಾಥನ ಪಾಲಿಗೆ ಬಂತು. ಅಂದಿನಿಂದ ಅದು ನೆರೂಳ ಮತ್ತು ಡೊಂಬಿವಲಿಯ ನಡುವೆ ಕೊತ್ತಂಬರಿ ಸೊಪ್ಪು, ಇಡ್ಲಿ ಹಿಟ್ಟಿನ ಡಬ್ಬ ಹೊತ್ತು, ತನ್ನ ಹಿಂದಿನ ಜನ್ಮವನ್ನು ಮರೆತು ಸಾಗುತ್ತಿತ್ತು.

ಜಯಶೀಲರು ಎದ್ದು ಬಾಲ್ಕನಿಗೆ ಹೋದರು. ಅವರು ನಿವೃತ್ತ ಇನ್ಶೂರೆನ್ಸ್ ಸರ್ವೇಯರು. ಜೀವಮಾನವಿಡೀ ನಜ್ಜುಗುಜ್ಜಾದ ಕಾರುಗಳ ಸುತ್ತ ತಿರುಗಿ, ಕಂಪೆನಿ ಏಕೆ ದುಡ್ಡು ಕೊಡಬೇಕಾಗಿಲ್ಲ ಎಂಬುದನ್ನು ಕಂಡುಹಿಡಿದವರು. ಕೆಳಗೆ ನಿಂತ ಕೆಂಪು ಕಾರನ್ನು ಅದೇ ಕಣ್ಣಿನಿಂದ ನೋಡಿದರು.

"ಗಾಡಿ ಒಳ್ಳೆದುಂಟು. ಚಕ್ರ ಮಾತ್ರ ಸ್ವಲ್ಪ ಒಳಗೆ ಹೋದ ಹಾಗೆ ಕಾಣ್ತದೆ. ಹಲ್ಲಿನ ಸೆಟ್ ತೆಗೆದಿಟ್ಟವರ ಕೆನ್ನೆಯ ಹಾಗೆ," ಎಂದು ಹೇಳಿ, ಒಳಗೆ ಬಂದು ಜಾತಕದ ವಿಷಯ ಎತ್ತಿದರು.

ಜಾತಕದ ವಿಷಯ ತಾರಾನಾಥನ ಕಿವಿಗೆ ಬೀಳಲಿಲ್ಲ. ನಿಜವಾಗಿ ಅಲ್ಲಿ ಮಾತಾಡಲು ಹೆಚ್ಚೇನೂ ಇರಲಿಲ್ಲ. ಅವನ ಮಗಳು ನಿಕಿತಾ ಮತ್ತು ಜಯಶೀಲರ ಮಗ ಸಮಿತ್ ನೆರೂಳದ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು, ಯಾರನ್ನೂ ಕೇಳದೆ ಒಬ್ಬರನ್ನೊಬ್ಬರು ಆರಿಸಿಕೊಂಡವರು. ಬಾಕಿ ಇದ್ದದ್ದು ಜಯಶೀಲರ ಒಪ್ಪಿಗೆ ಒಂದೇ. ಅವರು ಸ್ಥಳ ಪರಿಶೀಲನೆ ಇಲ್ಲದೆ ಯಾವುದಕ್ಕೂ ಸಹಿ ಹಾಕಿದವರಲ್ಲ. ತಿಂಗಳ ಕೊನೆಯ ಭಾನುವಾರ ನೆರೂಳಕ್ಕೆ ಬಂದು, ಮನೆ ನೋಡಿ, ಜನ ನೋಡಿ, ಆಮೇಲೆ ಹೇಳುತ್ತೇನೆ ಎಂದರು. ಮರಳಿ ಬರುವಾಗ, ಜೊತೆಗೆ ಹೋಗಿದ್ದ ನಿಕಿತಾ ಅಪ್ಪನ ಭುಜ ಹಿಡಿದು ಬೇಡಿಕೊಂಡಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡ ತುಳು ಎರಡೂ ಅರ್ಥವಾಗುತ್ತವೆ, ಬಾಯಿಗೆ ಬರುವುದು ಮಾತ್ರ ಹೆಚ್ಚಾಗಿ ಹಿಂದಿ.

"ಪಪ್ಪಾ, ಪ್ಲೀಸ್. ಭಾನುವಾರದ ತನಕ ಕುಛ್ ಗಡ್‌ಬಡ್ ಮತ್ ಕರನಾ."

ಎಡವಟ್ಟು ಖಂಡಿತ ಮಾಡುವುದಿಲ್ಲ ಎಂದು ತಾರಾನಾಥ ಮಾತು ಕೊಟ್ಟ. ಆ ಹೊತ್ತಿಗೆ ಗಡ್‌ಬಡ್ ಅವನ ತಲೆಯೊಳಗೆ ಬಾಡಿಗೆ ಮನೆ ಹಿಡಿದಾಗಿತ್ತು.

ಒಳಗೆ ಹೋದ ಚಕ್ರವನ್ನು ಹೊರಗೆ ತರುವ ವಿದ್ಯೆಯನ್ನು ಅವನು ಮೊಬೈಲಿನಲ್ಲಿ ಕಲಿತ. ಅದಕ್ಕೆ ಸ್ಪೇಸರ್ ಎಂದು ಹೆಸರು. ಅಲ್ಯೂಮಿನಿಯಂನ ದಪ್ಪ ಬಿಲ್ಲೆ. ಚಕ್ರವನ್ನು ಬಿಚ್ಚಿ, ಅದು ಕೂರುವ ಜಾಗದಲ್ಲಿ ಮೊದಲು ಈ ಬಿಲ್ಲೆ ಇಟ್ಟು, ಮೇಲೆ ಚಕ್ರ ಕೂರಿಸಿದರೆ, ಬಿಲ್ಲೆ ಎಷ್ಟು ದಪ್ಪವೋ ಚಕ್ರ ಅಷ್ಟು ಹೊರಗೆ ಬರುತ್ತದೆ. ಕಾರು ಎದೆಯುಬ್ಬಿಸಿ ನಿಂತಂತೆ ಕಾಣುತ್ತದೆ. ತಾರಾನಾಥ ತನ್ನ ಕಾರಿನ ಹೆಸರು, ವರ್ಷ, ಎಲ್ಲ ಸರಿಯಾಗಿಯೇ ಕೊಟ್ಟು ತರಿಸಿದ. ಜೊತೆಗೆ ಉದ್ದದ ಬೋಲ್ಟುಗಳೂ ಬಂದವು. ಮನುಷ್ಯ ಶೋಕಿಯಲ್ಲಿ ತೋರಿಸುವ ಶಿಸ್ತನ್ನು ಸಂಸಾರದಲ್ಲಿ ತೋರಿಸಿದರೆ ಉದ್ಧಾರವಾಗುತ್ತಾನೆ. ಆದರೆ ಹಾಗೆ ಆದವರನ್ನು ಯಾರೂ ನೋಡಿಲ್ಲ.

ಪಾರ್ಸೆಲ್ ಬಿಚ್ಚುವಾಗ ಹೆಂಡತಿ ಜಲಜಾಕ್ಷಿ ಎದುರಿಗೇ ನಿಂತಿದ್ದಳು. ಇದು ಎಂತದು, ಯಾತಕ್ಕೆ ಎಂದು ಕೇಳಿದಳು. ಶೋಕಿಗೆ ಎಂದರೆ ಮುಂದಿನ ಮಾತು ಅಡುಗೆಮನೆಯಿಂದ ಶುರುವಾಗಿ ಮದುವೆಯಾದ ವರ್ಷಕ್ಕೆ ಹೋಗಿ ಮುಟ್ಟುತ್ತದೆ ಎಂದು ತಾರಾನಾಥನಿಗೆ ಅನುಭವದಿಂದ ಗೊತ್ತಿತ್ತು.

"ಸೇಫ್ಟಿಗೆ," ಎಂದ.

ಜಲಜಾಕ್ಷಿಯ ಮುಖ ಅರಳಿತು. ಗಂಡನಿಗೆ ಕೊನೆಗೂ ಜವಾಬ್ದಾರಿ ಬಂತಲ್ಲ ಎಂದು ಅವಳಿಗೆ ನಿಜವಾಗಿ ಸಂತೋಷವಾಯಿತು. ಅವಳ ಮನೆಗೆ ಹೊಸದಾಗಿ ಏನೇ ಬರಲಿ, ಮಿಕ್ಸರಾಗಲಿ ಮೊಬೈಲಾಗಲಿ, ಮೊದಲು ದೇವರ ಮುಂದೆ ಇಟ್ಟು, ಗಂಧ ಕುಂಕುಮ ಹಚ್ಚಿ, ಅಕ್ಷತೆ ಹಾಕದೆ ಬಳಕೆಗೆ ಇಳಿಯುವಂತಿಲ್ಲ. ಮಿಕ್ಸರಿಗೆ ಒಂದು ಬೊಟ್ಟು ಸಾಕು. ಆದರೆ ಇದು ಜೀವ ಕಾಯುವ ವಸ್ತು, ಬೊಟ್ಟಿನಲ್ಲಿ ಮುಗಿಸುವುದು ಸರಿಯಲ್ಲ. ನಾಲ್ಕೂ ಬಿಲ್ಲೆಗಳನ್ನು ಹರಿವಾಣದಲ್ಲಿಟ್ಟು, ಗಂಧ ತೇದು, ಎರಡೂ ಬದಿಗೆ ಧಾರಾಳವಾಗಿ ಬಳಿದಳು. ಮೇಲೆ ಕುಂಕುಮ, ಅದರ ಮೇಲೆ ಅಕ್ಷತೆ. ಬೆಳಗಾಗುವುದರೊಳಗೆ ಗಂಧ ಒಣಗಿ, ಅಕ್ಕಿಕಾಳು ಅದರಲ್ಲಿ ಭದ್ರವಾಗಿ ಕೂತಿತ್ತು.

ಎಂಐಡಿಸಿಯ ಬದಿಯಲ್ಲಿ ದೇಜಪ್ಪನ ಗ್ಯಾರೇಜು. ದೇಜಪ್ಪ ಬಾಯಿ ದೊಡ್ಡದಿರುವ ಮನುಷ್ಯ, ಬಂದ ಗಿರಾಕಿಗೆ ಪಾಠ ಮಾಡದೆ ಸ್ಪ್ಯಾನರ್ ಮುಟ್ಟುವವನಲ್ಲ. ಅಂದು ಪಾಠದ ವಿಷಯ ಸ್ಪೇಸರ್. ನಡುವಿನ ತೂತು ಚಕ್ರ ಕೂರುವ ಹಬ್‌ನ ಮೇಲೆ ಬಿಗಿಯಾಗಿ ಕೂರಬೇಕು, ಲೊಡಲೊಡ ಅನ್ನಬಾರದು. ಬಿಲ್ಲೆಯ ದಪ್ಪಕ್ಕೆ ತಕ್ಕ ಉದ್ದದ ಬೋಲ್ಟೇ ಬೇಕು, ಹಳೆಯದನ್ನು ಹಾಕಿದರೆ ಎರಡು ಸುತ್ತಿಗೆ ನಿಂತುಬಿಡುತ್ತದೆ. ಬೋಲ್ಟುಗಳನ್ನು ಸಾಲಾಗಿ ಅಲ್ಲ, ಎದುರುಬದುರಾಗಿ ಬಿಗಿಯಬೇಕು, ಅದೂ ಅಳತೆಯ ರೆಂಚಿನಲ್ಲಿ, ಟಕ್ ಎಂದು ಸದ್ದು ಬರುವ ತನಕ. ಸ್ವಲ್ಪ ದೂರ ಓಡಿಸಿದ ಮೇಲೆ ತಂದು ಇನ್ನೊಮ್ಮೆ ಬಿಗಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಬಿಲ್ಲೆಯ ಎರಡು ಮುಖಗಳೂ ಬೋಳು ಲೋಹವಾಗಿರಬೇಕು. ತುಕ್ಕಿಲ್ಲ, ಬಣ್ಣವಿಲ್ಲ, ಧೂಳಿನ ಒಂದು ಕಣ ಇಲ್ಲ. ಇಷ್ಟು ಹೇಳಿ ದೇಜಪ್ಪ ಚೀಲದಿಂದ ಮೊದಲ ಬಿಲ್ಲೆಯನ್ನು ತೆಗೆದ, ಮತ್ತು ಅವನ ಜೀವನದಲ್ಲಿ ಅಪರೂಪಕ್ಕೆ ಎಂಬಂತೆ ಮಾತು ನಿಲ್ಲಿಸಿದ.

"ಎಂತ ಮಾರಾಯ್ರೆ ಇದು? ಪಂಚಕಜ್ಜಾಯದ ತಟ್ಟೆಯಾ?"

ತಾರಾನಾಥ ಹಲ್ಲುಕಿರಿದು, ಸ್ವಲ್ಪ ಒರೆಸಿ ಹಾಕಿದರಾಯಿತಲ್ಲ ಎಂದ. ದೇಜಪ್ಪ ಬಿಲ್ಲೆಯನ್ನು ಎರಡು ಕೈಯಲ್ಲಿ ಹಿಡಿದು ಅವನಿಗೇ ಹಿಂದಕ್ಕೆ ಕೊಟ್ಟ. ಗ್ರೀಸು ಒರೆಸುವ ಬಟ್ಟೆಯಲ್ಲಿ ದೇವರ ಗಂಧ ಒರೆಸುವ ಧೈರ್ಯ ತನಗಿಲ್ಲ, ನಿಮ್ಮ ಮನೆಯ ಪ್ರಸಾದ, ನೀವೇ ಒರೆಸಿ ಎಂದ. ತಾರಾನಾಥ ಬಟ್ಟೆ ಕೈಗೆ ತೆಗೆದುಕೊಂಡ. ಅದೇ ಗಳಿಗೆಗೆ ಜಲಜಾಕ್ಷಿಯ ವಿಡಿಯೋ ಕಾಲ್ ಬಂತು. ಸೇಫ್ಟಿ ಹಾಕುವುದನ್ನು ತಾನೂ ನೋಡಬೇಕಂತೆ.

ಅವಳು ನೋಡುತ್ತಿರುವಾಗ ಒರೆಸುವುದು ಹೇಗೆ? ಕೊನೆಯ ಬೋಲ್ಟು ಕೂರುವ ತನಕ ಅವಳು ಫೋನು ಇಡಲಿಲ್ಲ. ಹೀಗೆ ನಾಲ್ಕು ಬಿಲ್ಲೆಗಳೂ ಗಂಧ ಕುಂಕುಮ ಅಕ್ಷತೆ ಸಮೇತ ಚಕ್ರದೊಳಗೆ ಸೇರಿದವು. ದೇಜಪ್ಪ ಟಕ್ ಟಕ್ ಎಂದು ಬಿಗಿದು, ಮೇಲೆ ನೋಡಿ ಒಮ್ಮೆ ಕೈ ಮುಗಿದ.

ಕಾರು ನೋಡಲು ಚೆನ್ನಾಗಿಯೇ ಆಯಿತು. ತೊಂದರೆ ಎದ್ದದ್ದು ಶಿಳಫಾಟಾ ದಾಟಿದ ಮೇಲೆ. ಡೊಂಬಿವಲಿಯಲ್ಲಿರುವ ಜಲಜಾಕ್ಷಿಯ ಅಕ್ಕ ವಿಮಲಕ್ಕನನ್ನು ಅವನು ನೆರೂಳಕ್ಕೆ ಕರೆತರುತ್ತಿದ್ದ. ವೇಗ ಅರುವತ್ತು ಮುಟ್ಟುತ್ತಲೇ ಸ್ಟಿಯರಿಂಗು ನಡುಗಿತು. ಆಮೇಲೆ ಸೀಟು ನಡುಗಿತು. ಆಮೇಲೆ ವಿಮಲಕ್ಕನ ಬಳೆಗಳು ನಡುಗಿ ಗಲಗಲ ಎಂದವು. ಅವಳು ಚಪ್ಪಲಿ ಕಳಚಿ ಕೈ ಮುಗಿದಳು.

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ಅಲ್ಲಿ ದೈವ ಪಾತ್ರಿಯ ಮೈಮೇಲೆ ಬರುತ್ತದೆ. ಬಂದಾಗ ಅವನ ಮೈ ನಡುಗುತ್ತದೆ. ಅದನ್ನು ದರ್ಶನ ಎನ್ನುತ್ತಾರೆ. ಆಗ ಮನೆಮಂದಿ ಕೈ ಮುಗಿದು ತಮ್ಮ ಕಷ್ಟ ಕೇಳುತ್ತಾರೆ, ದೈವ ಉತ್ತರ ಕೊಡುತ್ತದೆ. ವಿಮಲಕ್ಕ ಊರು ಬಿಟ್ಟು ಎಷ್ಟೋ ಕಾಲವಾಗಿತ್ತು, ದರ್ಶನ ನೋಡದೆ ಕಣ್ಣು ಬತ್ತಿತ್ತು. ಅದು ಮಹಾಪೆಯ ಹತ್ತಿರ, ಸಿಮೆಂಟು ಲಾರಿಗಳ ನಡುವೆ, ಸೀಟ್‌ಬೆಲ್ಟಿನ ಸಮೇತ ಸಿಗುತ್ತದೆಂದು ಅವಳು ಎಣಿಸಿರಲಿಲ್ಲ.

ಮನೆ ತಲುಪಿದ ಮೇಲೆ ಅಕ್ಕ ತಂಗಿ ತುಳುವಿನಲ್ಲಿ ಬಹಳ ಹೊತ್ತು ಮಾತಾಡಿದರು. ಊರಿಗೆ ಫೋನು ಹೋಯಿತು. ದೈವಸ್ಥಾನ ನೋಡಿಕೊಳ್ಳುವ ಹಿರಿಯರು, ಕಾರಿನ ಮೇಲೆ ಬಂದದ್ದನ್ನು ತಾನು ಕೇಳಿಲ್ಲ, ಆದರೂ ಮುಂಬಯಿಯ ವಿಷಯ ತನಗೆ ಗೊತ್ತಿಲ್ಲ ಎಂದು ಜಾಣತನದಿಂದ ಹೇಳಿ, ಇರಲಿ ಎಂದು ಗಂಧದ ಪ್ರಸಾದ ಕಳಿಸಿದರು. ಉಡುಪಿಯಿಂದ ಬರುವ ಬಸ್ಸಿನಲ್ಲಿ ಅದು ನೆರೂಳಕ್ಕೆ ಬಂದು ಇಳಿಯಿತು. ಅದನ್ನು ಎಲ್ಲಿ ಹಚ್ಚಬೇಕು? ಮೊದಲು ಎಲ್ಲಿ ಹಚ್ಚಿತ್ತೋ ಅಲ್ಲಿಯೇ ಎಂದು ವಿಮಲಕ್ಕ ತೀರ್ಮಾನಿಸಿದಳು.

ತಾರಾನಾಥನಿಗೆ ಕಾರಣ ಗೊತ್ತಿಲ್ಲದಿರಲಿಲ್ಲ. ದೇಜಪ್ಪನ ಪಾಠ ಕಿವಿಯಲ್ಲಿ ಇನ್ನೂ ಇತ್ತು. ಆದರೆ ನಡುಕಕ್ಕೆ ಕಾರಣ ಗಂಧ ಎಂದರೆ, ಆ ಬಿಲ್ಲೆ ಯಾತಕ್ಕೆ ಎಂಬ ಪ್ರಶ್ನೆ ಬರುತ್ತದೆ. ಸೇಫ್ಟಿಗೆ ಹಾಕಿದ ವಸ್ತುವಿನಿಂದ ಗಾಡಿ ನಡುಗುವುದು ಹೇಗೆ ಎಂದು ಜಲಜಾಕ್ಷಿ ಕೇಳುತ್ತಾಳೆ. ಅವನು ಬಾಯಿಗೆ ಬೀಗ ಹಾಕಿಕೊಂಡು ಇಬ್ಬರನ್ನೂ ಗ್ಯಾರೇಜಿಗೆ ಕರೆದುಕೊಂಡು ಹೋದ. ವಿಮಲಕ್ಕ ಹಳೆಯ ಗಂಧದ ಮೇಲೆ ಹೊಸ ಗಂಧವನ್ನು ಸ್ವಂತ ಕೈಯಿಂದ, ಸೆಟ್‌ದೋಸೆಯ ದಪ್ಪಕ್ಕೆ ಬಳಿದಳು. ದೇಜಪ್ಪ ತಾರಾನಾಥನನ್ನು ಟಯರುಗಳ ಮರೆಗೆ ಕರೆದ.

"ನಿಜ ಹೇಳಿಬಿಡಿ ಮಾರಾಯ್ರೆ. ನೀವು ಹೇಳದಿದ್ರೆ ಚಕ್ರವೇ ಹೇಳ್ತದೆ."

ಭಾನುವಾರ ಬೀಗರು ಬಂದು ಹೋಗಲಿ, ಸೋಮವಾರ ಹೇಳುತ್ತೇನೆ ಎಂದು ತಾರಾನಾಥ ಗೋಗರೆದ. ಅಲ್ಲಿಯ ತನಕ ಮೆಲ್ಲಗೆ ಓಡಿಸಬೇಕು, ದಿನಾ ಬಂದು ಬೋಲ್ಟು ಬಿಗಿಸಿಕೊಂಡು ಹೋಗಬೇಕು ಎಂದು ದೇಜಪ್ಪ ಷರತ್ತು ಹಾಕಿದ. ಅವನು ದಿನಾ ಬಿಗಿದ. ಬೋಲ್ಟುಗಳು ದಿನಾ ಸಡಿಲಗೊಂಡವು, ಏಕೆಂದರೆ ಒಳಗೆ ಅಕ್ಕಿಕಾಳು ದಿನಾ ಪುಡಿಯಾಗುತ್ತಿತ್ತು. ಮತ್ತು ನಡುಕ ಈಗ ಅರುವತ್ತಕ್ಕೆ ಕಾಯದೆ ಮೂವತ್ತಕ್ಕೇ ಬರತೊಡಗಿತು. ದೈವ ಬೇಗ ಬರುತ್ತಿದೆ ಎಂದು ವಿಮಲಕ್ಕ ಸಮಾಧಾನಪಟ್ಟಳು.

ಸುದ್ದಿ ಅವರ ಅಪಾರ್ಟ್‌ಮೆಂಟಿನ ಸೊಸೈಟಿಗೆ ಹೇಗೆ ಹಬ್ಬಿತೋ ತಿಳಿಯದು. ಮೊದಲು ಬಂದವನು ವಾಚ್‌ಮನ್ ಯಂಕಪ್ಪ, ರಾಯಚೂರಿನ ಕಡೆಯವನು. ಗೇಟು ತೆಗೆಯುವ ಮುನ್ನ ಕಾರಿಗೆ ನಮಸ್ಕಾರ ಹಾಕಿ, ಕಿಟಕಿಯ ಹತ್ತಿರ ಬಗ್ಗಿದ.

"ಸಾಹೇಬ್ರ, ಗಾಡಿ ಮೈಯಾಗ ದೇವ್ರು ಬರ್ತದಂತಲ್ರಿ. ನಮ್ಮ ಸೂಪರ್‌ವೈಜರ್ ಈ ಸಲ ನನಗ ರಜಾ ಕೊಡ್ತಾನೇನ್ ಕೇಳ್ರಿ ಸ್ವಲ್ಪ."

ತಾರಾನಾಥನಿಗೆ ಪಾಪ ಅನ್ನಿಸಿತು. ಯಂಕಪ್ಪನನ್ನು ಕೂರಿಸಿಕೊಂಡು ಎದುರಿನ ರಸ್ತೆಯಲ್ಲಿ ಒಂದು ಸುತ್ತು ಹೊಡೆದು, ಔಷಧಿ ಅಂಗಡಿಯ ಹತ್ತಿರ ಸ್ವಲ್ಪ ಕಾಲು ಒತ್ತಿದ. ಕಾರು ಗಡಗಡ ನಡುಗಿತು. ಯಂಕಪ್ಪ ಕಣ್ಣಲ್ಲಿ ನೀರು ತಂದುಕೊಂಡ. ಮರುದಿನ, ಯಾವ ಕಾರಣಕ್ಕೋ ಏನೋ, ಸೂಪರ್‌ವೈಜರ್ ರಜೆ ಕೊಟ್ಟುಬಿಟ್ಟ. ಅಲ್ಲಿಗೆ ತಾರಾನಾಥನ ನೆಮ್ಮದಿ ಮುಗಿಯಿತು, ಗೌರವ ಆರಂಭವಾಯಿತು. ಲಿಫ್ಟಿನಲ್ಲಿ ಜನ ಅವನಿಗೆ ಜಾಗ ಬಿಟ್ಟರು. ಅವನ ಪಾರ್ಕಿಂಗಿಗೆ ಅಡ್ಡ ನಿಲ್ಲುತ್ತಿದ್ದ ಸ್ಕೂಟರುಗಳು ತಾವಾಗಿಯೇ ಸರಿದವು. ಮೂರನೇ ಮಹಡಿಯ ಮುದುಕಿಯೊಬ್ಬರು ಬಾನೆಟ್ಟಿನ ಮೇಲೆ ತೆಂಗಿನಕಾಯಿ ಇಟ್ಟು ಹೋದರು.

ಕೊನೆಗೆ ಸೊಸೈಟಿಯ ಸೆಕ್ರೆಟರಿಯೇ ಬಂದು ಹಿಂದಿನ ಸೀಟಿನಲ್ಲಿ ಕೂತರು. ಕಟ್ಟಡ ಒಡೆದು ಹೊಸದು ಕಟ್ಟುವ ಯೋಜನೆ ಈ ವರ್ಷವಾದರೂ ಆಗುತ್ತದೆಯೇ ಎಂದು ಮರಾಠಿಯಲ್ಲಿ ವಿನಯದಿಂದ ಕೇಳಿದರು. ಹೊಸ ನಕಾಶೆಯಲ್ಲಿ ತನ್ನ ಪಾರ್ಕಿಂಗು ಕಂಬದ ಹಿಂದೆ ಹೋಗುತ್ತದೆಂದು ತಾರಾನಾಥನಿಗೆ ಗೊತ್ತಿತ್ತು. ಅವನು ಕಾಲು ಒತ್ತಲಿಲ್ಲ. ಕಾರು ಸಾಧುಪ್ರಾಣಿಯಂತೆ ಸಾಗಿತು. ಸೆಕ್ರೆಟರಿಯ ಮುಖ ಸಪ್ಪಗಾಯಿತು. ದೈವ ದಕ್ಷಿಣದ್ದು, ಮರಾಠಿ ತಿಳಿಯಲಿಕ್ಕಿಲ್ಲ ಎಂದು ಹಿಂದಿಯಲ್ಲಿ ಇನ್ನೊಮ್ಮೆ ಕೇಳಿದರು. ತಾರಾನಾಥ ಆಗಲೂ ಒತ್ತಲಿಲ್ಲ. ತನ್ನ ಬಲಗಾಲಿನ ಹೆಬ್ಬೆರಳಿಗೆ ಇಷ್ಟೊಂದು ಅಧಿಕಾರ ಬಂದದ್ದು ಅವನಿಗೆ ಹಿತವಾಗಿತ್ತೆಂದು ಇಲ್ಲಿ ಹೇಳದಿದ್ದರೆ ಕಥೆಗೆ ಅನ್ಯಾಯವಾಗುತ್ತದೆ. ರಾತ್ರಿ ಮಲಗಿದಾಗ ಮಾತ್ರ ಬೋಲ್ಟುಗಳ ನೆನಪಾಗಿ, ಎದ್ದು ಕಿಟಕಿಯಿಂದ ಕಾರನ್ನು ನೋಡಿ ಬರುತ್ತಿದ್ದ.

ಭಾನುವಾರ ಬಂತು. ಭಾನುವಾರ ದೇಜಪ್ಪನ ಗ್ಯಾರೇಜಿಗೆ ರಜೆ. ಈ ಸಣ್ಣ ಸಂಗತಿ ತಾರಾನಾಥನಿಗೆ ನೆನಪಾದದ್ದು ಜಯಶೀಲರು ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ.

ಜಯಶೀಲರು ಮನೆ ನೋಡಿದರು, ಜನ ನೋಡಿದರು, ಗೋಡೆಯ ತೇವವನ್ನೂ ನೋಡಿದರು. ಊಟ ಮತ್ತು ಮಾತುಕತೆ ಡೊಂಬಿವಲಿಯ ವಿಮಲಕ್ಕನ ಮನೆಯಲ್ಲಿ ಎಂದು ನಿಶ್ಚಯವಾಗಿತ್ತು, ಹಿರಿಯಳು ಅವಳೇ ತಾನೆ. ಹೊರಡುವಾಗ ಜಯಶೀಲರು ತಮ್ಮ ದೊಡ್ಡ ಕಾರನ್ನು ಮಗ ಸಮಿತನಿಗೆ ಒಪ್ಪಿಸಿ, ತಾನು ಬೀಗರ ಪರ್ಫಾರ್ಮೆನ್ಸ್ ಕಾರಿನಲ್ಲಿಯೇ ಬರುತ್ತೇನೆ ಎಂದರು. ನಿಕಿತಾ ಸಮಿತನ ಜೊತೆ ಹತ್ತಿದಳು. ಹತ್ತುವ ಮೊದಲು ಅಪ್ಪನ ಮುಖ ನೋಡಿದಳು. ಅದರಲ್ಲಿ ಗಡ್‌ಬಡ್ ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು.

ಕೆಂಪು ಕಾರು ಇಪ್ಪತ್ತೈದರ ವೇಗದಲ್ಲಿ ಹೊರಟಿತು. ಹಿಂದೆ ಅಕ್ಕ ತಂಗಿ, ಮುಂದೆ ಜಯಶೀಲರು. ನೀರಿನ ಟ್ಯಾಂಕರು ಅವರನ್ನು ದಾಟಿತು. ಹಾಲಿನ ಟೆಂಪೋ ದಾಟಿತು. ಸಿಲಿಂಡರು ಹೇರಿಕೊಂಡ ಸೈಕಲಿನವನೊಬ್ಬ ಬಹಳ ದೂರ ಜೊತೆಜೊತೆಗೆ ಬಂದು, ಬೇಸರಪಟ್ಟು ಮುಂದೆ ಹೋದ. ಜಯಶೀಲರು ಸ್ಪೀಡೋಮೀಟರನ್ನೂ ತಾರಾನಾಥನನ್ನೂ ಸರದಿಯಂತೆ ನೋಡಿದರು.

"ಪರ್ಫಾರ್ಮೆನ್ಸ್ ಯಾವಾಗ ಶುರು ಆಗ್ತದೆ?" ಎಂದು ಕೇಳಿದರು.

ಈ ಮಾತಿಗೆ ಸುಮ್ಮನಿರಲು ತಾರಾನಾಥ ಬೇರೆ ತಾಯಿಯ ಹೊಟ್ಟೆಯಲ್ಲಿ ಹುಟ್ಟಬೇಕಿತ್ತು. ಕಾಲು ಒತ್ತಿದ. ಕಾರು ನಡುಗಿತು. ಕನ್ನಡಿ ನಡುಗಿತು, ಜಯಶೀಲರ ಕನ್ನಡಕ ಮೂಗಿನಿಂದ ಜಾರಿತು. ಹಿಂದಿನಿಂದ ವಿಮಲಕ್ಕನ ಬಳೆಯ ಸದ್ದು ಕೇಳಿತು. ಅವಳು ಚಪ್ಪಲಿ ಕಳಚಿ, ಕೈ ಮುಗಿದು, ಎತ್ತರದ ಸ್ವರದಲ್ಲಿ ಕೇಳಿಯೇಬಿಟ್ಟಳು:

"ಸ್ವಾಮೀ, ಈ ಸಂಬಂಧ ನಿನಗೆ ಒಪ್ಪಿಗೆ ಉಂಟಾ?"

ಅದೇ ಹೊತ್ತಿಗೆ ಎಡಗಡೆಯ ಮುಂದಿನ ಚಕ್ರದಿಂದ ಟಕ್ ಟಕ್ ಎಂದು ಹೊಸದೊಂದು ಸದ್ದು ಶುರುವಾಗಿತ್ತು. ನಡುಗಿದರೆ ದೈವದ ಒಪ್ಪಿಗೆ. ನಡುಕ ನಿಂತರೆ ಇಲ್ಲ. ನಿಲ್ಲಿಸದಿದ್ದರೆ ಚಕ್ರ ತನ್ನ ಪಾಡಿಗೆ ಮಹಾಪೆಯ ಕಡೆಗೆ ಹೊರಟುಹೋಗುತ್ತದೆ, ಕಾರಿನಲ್ಲಿ ಹೆಂಡತಿ, ಅಕ್ಕ, ಬೀಗರು. ಕಾಲು ಎತ್ತಿದರೆ ನಿಕಿತಾಳ ಮದುವೆ ಮುರಿದಂತೆ. ಒಂದು ವಾರದಿಂದ ಪರರ ಹಣೆಬರಹ ಬರೆಯುತ್ತಿದ್ದ ಆ ಹೆಬ್ಬೆರಳು ಸ್ವಂತ ಮಗಳ ವಿಷಯಕ್ಕೆ ಬಂದಾಗ ಪೆಡಲಿನ ಮೇಲೆ ಗಡಗಡ ನಡುಗಿತು. ಅದು ಮಾತ್ರ ನಿಜವಾದ ನಡುಕ.

ಟಕ್ ಟಕ್ ಎಂಬುದು ಟಕಟಕ ಆಯಿತು. ತಾರಾನಾಥ ಕಾಲು ಎತ್ತಿ, ಮೆಲ್ಲಗೆ ಬದಿಗೆ ತಂದು ನಿಲ್ಲಿಸಿದ. ನಡುಕವೂ ನಿಂತಿತು. ವಿಮಲಕ್ಕ ಮುಗಿದ ಕೈ ಕೆಳಗಿಳಿಸಿದಳು.

"ದೈವ ಒಪ್ಪಲಿಲ್ಲ," ಎಂದಳು. ಜಲಜಾಕ್ಷಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹಿಂದೆ ಬರುತ್ತಿದ್ದ ದೊಡ್ಡ ಕಾರೂ ನಿಂತಿತು. ಸಮಿತ್ ನಿಕಿತಾ ಇಳಿದು ಓಡಿ ಬಂದರು. ಏನಾಯಿತು ಎಂದು ಕೇಳಿದ ಮಗಳಿಗೆ, ಸಂಬಂಧ ಬೇಡವಂತೆ ಎಂದು ವಿಮಲಕ್ಕ ತುಳುವಿನಲ್ಲಿ ಹೇಳಿದಳು. ನಿಕಿತಾಳ ಮುಖ ಬಿಳಿಚಿಕೊಂಡದ್ದನ್ನು ತಾರಾನಾಥ ನೋಡಿದ. ಸುಳ್ಳು ಹೇಳುವಾಗ ಅವನಿಗೆ ಮಾತು ಹುಡುಕಬೇಕಾಗಿರಲಿಲ್ಲ, ಈಗ ಒಂದೊಂದನ್ನೂ ಹುಡುಕಿ ತೆಗೆಯಬೇಕಾಯಿತು.

"ದೈವ ಅಲ್ಲ ಅಕ್ಕ, ಅದು ಗಂಧ. ಚಕ್ರದ ಒಳಗೆ ಗಂಧ, ಅಕ್ಕಿ ಎಲ್ಲ ಸಿಕ್ಕಿ ಬೋಲ್ಟು ಸಡಿಲ ಆಗ್ತಾ ಉಂಟು. ಆ ಬಿಲ್ಲೆ ಸೇಫ್ಟಿಗೆ ಅಲ್ಲ ಜಲಜಾ, ಶೋಕಿಗೆ. ಚಕ್ರ ಒಳಗೆ ಹೋಗಿದೆ ಅಂತ ಇವರು ಹೇಳಿದ್ರು, ಅದಕ್ಕೆ."

ಯಾರು, ನಾನಾ ಎಂದು ಜಯಶೀಲರು ಕೇಳಿದರು. ಅವರಿಗೆ ಆ ಮಾತು ಆಡಿದ ನೆನಪೇ ಇರಲಿಲ್ಲ. ಆದರೆ ಬೋಲ್ಟು ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ನಿವೃತ್ತಿ ಎಲ್ಲೋ ಹೋಗಿ, ಹಳೆಯ ಸರ್ವೇಯರು ಪ್ಯಾಂಟು ಮಡಚಿ ರಸ್ತೆಯ ಬದಿಯಲ್ಲಿ ಮೊಣಕಾಲೂರಿದರು. ಮುಂದಿನ ಚಕ್ರದ ಒಂದು ಬೋಲ್ಟನ್ನು ಎರಡು ಬೆರಳಲ್ಲಿ ತಿರುಗಿಸಿ ಹೊರಗೆ ತೆಗೆದರು. ಅದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. ಸ್ಪೇಸರ್ ಹಾಕಿದ್ದನ್ನು ಇನ್ಶೂರೆನ್ಸಿನವರಿಗೆ ತಿಳಿಸಿದ್ದೀರಾ ಎಂದು ಕೇಳಿದರು. ಇಲ್ಲ ಎಂದ ತಾರಾನಾಥ. ಹಾಗಾದರೆ ಚಕ್ರ ಕಳಚಿ ನಾವೆಲ್ಲ ಸತ್ತಿದ್ದರೂ ಕಂಪೆನಿ ಒಂದು ಕಾಸೂ ಕೊಡುತ್ತಿರಲಿಲ್ಲ, ನಾನಂತೂ ಕೊಡಲು ಬಿಡುತ್ತಿರಲಿಲ್ಲ ಎಂದರು. ತನ್ನ ಸಾವಿನ ಕ್ಲೇಮನ್ನೂ ತಿರಸ್ಕರಿಸಿದ ಆ ನಿಷ್ಠೆಯನ್ನು ನೋಡಿ ಸಮಿತ್ ಜಾಕ್ ತರಲು ಹೋದ.

ಜಾಕ್ ಬಂತು, ಚಕ್ರ ಕೆಳಗಿಳಿಯಿತು. ಬಿಲ್ಲೆಯ ಮೇಲೆ ಗಂಧದ ಎರಡು ಪದರಗಳು ಬ್ರೇಕಿನ ಧೂಳು ಕುಡಿದು ಕರ್ರಗಾಗಿ, ಅಕ್ಕಿಪುಡಿಯೊಂದಿಗೆ ಗಟ್ಟಿ ಕಟ್ಟಿದ್ದವು. ಇದನ್ನೆಲ್ಲ ಕೆರೆದು ತೆಗೆಯದೆ ಏನೂ ಮಾಡುವಂತಿಲ್ಲ ಎಂದು ಜಯಶೀಲರು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರು. ತಗಲಿಸುವ ಮೊದಲು, ಸುಮ್ಮನೆ ಎಂಬಂತೆ, ಎಲ್ಲಿಯ ಪ್ರಸಾದ ಎಂದು ಕೇಳಿದರು. ವಿಮಲಕ್ಕ ಹೇಳಿದಳು. ಜಯಶೀಲರ ಕೈ ಗಾಳಿಯಲ್ಲಿ ನಿಂತಿತು. ಅದು ಅವರ ತಾಯಿಯ ಕುಟುಂಬದ ದೈವವೂ ಹೌದು. ಸ್ಕ್ರೂಡ್ರೈವರನ್ನು ಮೆಲ್ಲಗೆ ಕೆಳಗಿಟ್ಟು, ಬೆವರು ಒರೆಸಿಕೊಂಡು, ಇದನ್ನು ನೀವೇ ಕೆರೆಯಿರಿ ಎಂದು ತಾರಾನಾಥನಿಗೆ ಹೇಳಿದರು. ತಾರಾನಾಥ ಜಲಜಾಕ್ಷಿಯ ಮುಖ ನೋಡಿದ. ಜಲಜಾಕ್ಷಿ ಅಕ್ಕನ ಮುಖ ನೋಡಿದಳು. ವಿಮಲಕ್ಕ ಲಾರಿಗಳನ್ನು ನೋಡಿದಳು.

ನಿಕಿತಾ ಒಬ್ಬಳೇ ಮುಂದೆ ಬಂದು ಬಿಲ್ಲೆಯ ಎದುರು ಕುಕ್ಕರಗಾಲಿನಲ್ಲಿ ಕೂತಳು.

"ಪ್ರಸಾದ್ ಹೈ ನಾ?" ಎಂದು ಕೇಳಿದಳು. ಎಲ್ಲರೂ ಹೌದು ಎಂದರು. "ತೋ ಲೇ ಲೋ ನಾ. ಪ್ರಸಾದ್ ತೆಗೆದುಕೊಳ್ಳಲಿಕ್ಕೆ ಅಲ್ವಾ ಇರೋದು?"

ಹೀಗೆಂದು ಕೂದಲಿನ ಕ್ಲಿಪ್ಪು ತೆಗೆದು ಗಂಧವನ್ನು ಕೆರೆದು ಅಂಗೈಗೆ ಹಾಕಿಕೊಂಡಳು, ಎರಡು ಹನಿ ನೀರು ಬೆರೆಸಿ ತನ್ನ ಹಣೆಗೆ ಹಚ್ಚಿದಳು. ಸಮಿತನ ಹಣೆಗೆ ಹಚ್ಚಿದಳು. ದೊಡ್ಡಮ್ಮನಿಗೆ, ಅಮ್ಮನಿಗೆ ಹಚ್ಚಿದಳು. ಹಿರಿಯರಿಗೆ ತೋರುಬೆರಳಿನ ಬೊಟ್ಟಿನಲ್ಲಿ ಮುಗಿಯಿತು, ಅಪ್ಪನಿಗೆ ಮಾತ್ರ ಕಿವಿಯಿಂದ ಕಿವಿಗೆ ಬಳಿದಳು. ಕೊನೆಗೆ ಜಯಶೀಲರ ಮುಂದೆ ಕೈ ಚಾಚಿ ನಿಂತಳು. ಜಯಶೀಲರು ಕೆರೆದು ಫಳಫಳ ಹೊಳೆಯುತ್ತಿದ್ದ ಬಿಲ್ಲೆಯನ್ನು ನೋಡಿದರು, ಹುಡುಗಿಯನ್ನು ನೋಡಿದರು, ಕನ್ನಡಕ ತೆಗೆದು ತಲೆ ಬಗ್ಗಿಸಿದರು.

"ಸಮಿತ್," ಎಂದರು, ಹಣೆಯ ಮೇಲೆ ಬ್ರೇಕಿನ ಧೂಳಿನ ವಾಸನೆಯ ಕರಿ ಬೊಟ್ಟು ಹೊತ್ತು. "ಮಾತುಕತೆ ಮುಗಿಯಿತು. ಊಟ ಮಾತ್ರ ಬಾಕಿ."

ಜಲಜಾಕ್ಷಿ ಅಲ್ಲಿಯೇ ಅತ್ತುಬಿಟ್ಟಳು. ತಾರಾನಾಥನಿಗೂ ಅಳು ಬಂತು, ಆದರೆ ಹಣೆಯ ಗಂಧ ಕಣ್ಣಿಗಿಳಿದು ಉರಿದದ್ದರಿಂದ ಯಾವುದು ಯಾವುದೆಂದು ತಿಳಿಯಲಿಲ್ಲ. ನಾಲ್ಕು ಚಕ್ರಗಳಿಂದಲೂ ಪ್ರಸಾದ ತೆಗೆದಾಯಿತು, ಬಿಲ್ಲೆಗಳನ್ನೂ ತೆಗೆದಾಯಿತು. ಬಿಲ್ಲೆ ಇಲ್ಲದೆ ಉದ್ದದ ಬೋಲ್ಟು ಹಾಕಿದರೆ ಒಳಗಿನ ಭಾಗಕ್ಕೆ ತಾಗುತ್ತದೆ, ಹಳೆಯವು ಎಲ್ಲಿ ಎಂದು ಜಯಶೀಲರು ಕೇಳಿದರು. ಡಿಕ್ಕಿಯಲ್ಲಿ ಕೊತ್ತಂಬರಿ ಚೀಲದ ಅಡಿಯಲ್ಲಿ ಸಿಕ್ಕವು. ಎದುರುಬದುರಾಗಿ ಬಿಗಿದು ಹೊರಟರು. ಡೊಂಬಿವಲಿ ಮುಟ್ಟಿದ ಮೇಲೆ ದೇಜಪ್ಪನನ್ನು ಮನೆಯಿಂದ ಎಬ್ಬಿಸಿ, ಅಳತೆಯ ರೆಂಚಿನಲ್ಲಿ ಪುನಃ ಟಕ್ ಅನಿಸಿಕೊಂಡರು. ಅವನು ಎಲ್ಲರ ಹಣೆಯನ್ನೂ ಒಂದೊಂದಾಗಿ ನೋಡಿದ, ಮೇಲೆ ನೋಡಿ ಇನ್ನೊಮ್ಮೆ ಕೈ ಮುಗಿದ.

ಸಂಜೆ ನಿಕಿತಾಳನ್ನು ದೊಡ್ಡಮ್ಮನ ಬಳಿ ಬಿಟ್ಟು ಗಂಡಹೆಂಡಿರಿಬ್ಬರೇ ನೆರೂಳಕ್ಕೆ ಮರಳಿದರು. ಕಾರು ಅರುವತ್ತರಲ್ಲೂ ನೀರುದೋಸೆಯಷ್ಟು ಮೃದುವಾಗಿ ಸಾಗುತ್ತಿತ್ತು. ಜಲಜಾಕ್ಷಿ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಅವಳು ಬೈದಿದ್ದರೆ ತಾರಾನಾಥನಿಗೆ ಹಾಯೆನಿಸುತ್ತಿತ್ತು. ಅವಳು ಬೈಯಲಿಲ್ಲ. ಮಹಾಪೆ ದಾಟಿತು, ತುರ್ಭೆ ದಾಟಿತು. ಕೊನೆಗೆ ಅವನೇ ತಡೆಯಲಾರದೆ, ಶೋಕಿಗೆ ಎಂದು ಮೊದಲೇ ಹೇಳಿದ್ದರೆ ನೀನು ತರಿಸಲು ಬಿಡುತ್ತಿದ್ದೆಯಾ ಎಂದು ಕೇಳಿದ.

"ಬಯ್ತಿದ್ದೆ," ಎಂದಳು ಜಲಜಾಕ್ಷಿ. "ಬೈದು, ಆಮೇಲೆ ದೇವರ ಮುಂದೆ ಇಡ್ತಿದ್ದೆ. ಆದ್ರೆ ಶೋಕಿಯ ಸಾಮಾನಿಗೆ ಎರಡು ಬದಿ ಗಂಧ ಯಾರು ಹಚ್ತಾರೆ? ಅಂಚಿಗೆ ಒಂದು ಬೊಟ್ಟು ಇಟ್ಟು ಬಿಡ್ತಿದ್ದೆ."